ಸಾಲ ತೀರಿದೆ, ವರದಿಯಲ್ಲಿ ತೀರಿಲ್ಲ: ಸಿಬಿಲ್ ದೋಷ ಹುಡುಕುವ, ತಿದ್ದಿಸುವ ಬಗೆ

ನನ್ನ ತಂಗಿಯ ಗಂಡನ ಗೃಹಸಾಲಕ್ಕೆ ಅಡ್ಡ ನಿಂತದ್ದು 590 ರೂಪಾಯಿ. ದಾವಣಗೆರೆಯಲ್ಲಿ ಮೂವತ್ತು-ನಲವತ್ತರ ನಿವೇಶನ, ಮಂಜೂರಾದ ನಕ್ಷೆ, ಹನ್ನೆರಡು ವರ್ಷದ ಸರ್ಕಾರಿ ನೌಕರಿ, ಎಲ್ಲ ಕಾಗದವೂ ಕಡತದಲ್ಲಿ ಅಚ್ಚುಕಟ್ಟಾಗಿತ್ತು. ಬ್ಯಾಂಕಿನ ವ್ಯವಸ್ಥಾಪಕರು ಪರದೆಯ ಮೇಲೆ ಕಣ್ಣಾಡಿಸಿ, “ಸಿಬಿಲ್ ಸರಿ ಇಲ್ಲವಲ್ಲ ಸಾರ್” ಎಂದರಂತೆ. ಏನು ಸರಿ ಇಲ್ಲ ಎಂದು ಅವರು ಹೇಳಲಿಲ್ಲ, ನಾಚಿಕೆಯಿಂದ ಇವನು ಕೇಳಲೂ ಇಲ್ಲ. ರಾತ್ರಿ ನನಗೆ ಫೋನು ಮಾಡಿ, “ಭಾವ, ನಾನು ಯಾರ ದುಡ್ಡನ್ನೂ ಇಟ್ಟುಕೊಂಡವನಲ್ಲ” ಎಂದ.

ನಾನು ಪಟ್ಟಣ ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತಿದ್ದವನು. ಯಾರು ಎಷ್ಟು ಸಾಲ ಪಡೆದು ಹೇಗೆ ತೀರಿಸಿದರು ಎಂದು ತೋರಿಸುವ ಈ ಸಿಬಿಲ್ ವರದಿಗಳಿಗೆ ಮಾಹಿತಿ ತುಂಬಿ ಕಳಿಸುವ ಕೆಲಸವೂ ನನ್ನ ಮೇಜಿನದೇ ಆಗಿತ್ತು. ತಪ್ಪು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾರ ಬಾಗಿಲು ತಟ್ಟಿದರೆ ಕೆಲಸವಾಗುತ್ತದೆ ಎಂಬುದನ್ನು ಆ ಅನುಭವದಿಂದಲೇ ಬರೆಯುತ್ತಿದ್ದೇನೆ.

ಮೊದಲು ಉತ್ತರಪತ್ರಿಕೆ ತರಿಸಿ

ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಹುಡುಗ ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳುತ್ತಾನೆ. ಯಾವ ಪ್ರಶ್ನೆಗೆ ಎಷ್ಟು ಕೊಟ್ಟಿದ್ದಾರೆ ಎಂದು ನೋಡಿದ ಮೇಲೆಯೇ ಮರುಮೌಲ್ಯಮಾಪನಕ್ಕೆ ಹಾಕುತ್ತಾನೆ. ಸಿಬಿಲ್ ವಿಷಯಕ್ಕೆ ಬಂದಾಗ ದೊಡ್ಡವರಿಗೆ ಈ ಕ್ರಮ ಮರೆತುಹೋಗುತ್ತದೆ. ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ 640 ಎಂಬ ಅಂಕ ಕಂಡ ಕೂಡಲೇ ಅದನ್ನು ಏರಿಸುವುದು ಹೇಗೆ ಎಂದು ಓಡಾಡುತ್ತಾರೆ. 300ರಿಂದ 900ರವರೆಗಿನ ಆ ಅಂಕವನ್ನು ನೇರವಾಗಿ ತಿದ್ದಿಕೊಡುವವರು ಯಾರೂ ಇಲ್ಲ. ವರದಿಯೊಳಗಿನ ನಮೂದುಗಳನ್ನು ಮಾತ್ರ ತಿದ್ದಿಸಬಹುದು. ಅವು ಸರಿಯಾದರೆ ಅಂಕ ತನ್ನಷ್ಟಕ್ಕೆ ಬದಲಾಗುತ್ತದೆ. ‘ಐದು ಸಾವಿರ ಕೊಡಿ, ಅಂಕ ಏರಿಸಿಕೊಡುತ್ತೇವೆ’ ಎನ್ನುವ ಏಜೆಂಟರ ಕೈಯಲ್ಲಿ ನಿಮಗಿಲ್ಲದ ಯಾವ ಕೀಲಿಯೂ ಇಲ್ಲ. ಅವರು ಹಾಕುವ ಅರ್ಜಿಯನ್ನು ನೀವು ಪುಕ್ಕಟೆಯಾಗಿ ಹಾಕಬಹುದು.

ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು. 2000ದಲ್ಲಿ ಹುಟ್ಟಿ ಎಲ್ಲಕ್ಕಿಂತ ಮೊದಲು ಬಂದದ್ದರಿಂದ, ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ ಎಲ್ಲ ವರದಿಗೂ ಅದೇ ಹೆಸರು ಅಂಟಿಕೊಂಡಿದೆ. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂದು ನಾಲ್ಕು ಕಂಪನಿಗಳಿವೆ. ನಾಲ್ಕೂ 2005ರ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ ನಡೆಯುತ್ತವೆ. 2017ರ ಜನವರಿ 1ರಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಜಾಲತಾಣದಲ್ಲಿ ಚಂದಾ ಯೋಜನೆಗಳು ಕಣ್ಣಿಗೆ ರಾಚುವಂತಿರುತ್ತವೆ, ಉಚಿತ ವರದಿಯ ಕೊಂಡಿ ಒಂದು ಮೂಲೆಯಲ್ಲಿರುತ್ತದೆ. ಸ್ವಲ್ಪ ಹುಡುಕಿ. ನಿಮ್ಮ ವರದಿಯನ್ನು ನೀವೇ ತೆಗೆದರೆ ಅಂಕ ಇಳಿಯುತ್ತದೆ ಎಂಬ ಮಾತು ಸುಳ್ಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗೆಯುವುದೇ ಬೇರೆ, ನೀವು ತೆಗೆಯುವುದೇ ಬೇರೆ.

ನಾಲ್ಕನ್ನೂ ಒಂದೇ ದಿನ ತರಿಸಬೇಕಾಗಿಲ್ಲ. ಎರಡು ತರಿಸಿ, ಕಾಗದದ ಮೇಲೆ ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮೊಬೈಲ್ ಪರದೆಯಲ್ಲಿ ಬೆರಳಿಂದ ಸರಿಸುತ್ತ ಓದಿದವರಿಗೆ ತಪ್ಪು ಕಂಡದ್ದನ್ನು ನಾನು ನೋಡಿಲ್ಲ.

ಪಕ್ಕದ ಮನೆಯ ನಲ್ಲಿ

ಮನೆಯ ನಲ್ಲಿಯಲ್ಲಿ ಕೆಸರು ನೀರು ಬಂದರೆ ಪಕ್ಕದ ಮನೆಯಲ್ಲೂ ಹಾಗೆಯೇ ಬರುತ್ತಿದೆಯೇ ಎಂದು ವಿಚಾರಿಸುತ್ತೇವೆ. ಅಲ್ಲೂ ಕೆಸರಿದ್ದರೆ ದೋಷ ಊರಿನ ಟ್ಯಾಂಕಿನದು, ನಮ್ಮಲ್ಲಿ ಮಾತ್ರ ಎಂದರೆ ನಮ್ಮ ಸಂಪಿನದು. ಎರಡು ವರದಿ ಬೇಕೆಂದದ್ದು ಇದಕ್ಕೇ.

ಈ ನಾಲ್ಕು ಕಂಪನಿಗಳು ನಿಮ್ಮ ಸಾಲದ ಬಗ್ಗೆ ತಾವಾಗಿ ಏನನ್ನೂ ಬರೆಯುವುದಿಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿ, ಕಾರ್ಡು ಕೊಟ್ಟವರು ಒಂದು ಪಟ್ಟಿ ಮಾಡಿ ನಾಲ್ವರಿಗೂ ಕಳಿಸುತ್ತಾರೆ. ನಾಲ್ಕೂ ಕಂಪನಿಗಳ ಸದಸ್ಯರಾಗಬೇಕೆಂದು 2015ರಿಂದಲೇ ರಿಸರ್ವ್ ಬ್ಯಾಂಕಿನ ಆದೇಶವಿದೆ. ಪಟ್ಟಿ ಬಂದ ಮೇಲೆ ಹೆಸರು, ಜನ್ಮದಿನಾಂಕ, ಪ್ಯಾನ್, ಫೋನು, ವಿಳಾಸ ಹೊಂದಿಸಿ ಯಾರ ವರದಿಗೆ ಯಾವ ಖಾತೆ ಸೇರಬೇಕೆಂದು ತೀರ್ಮಾನಿಸುವುದು ಕಂಪನಿಯ ಕೆಲಸ. ಹೀಗಾಗಿ ಒಂದೇ ತಪ್ಪು ಎರಡೂ ವರದಿಗಳಲ್ಲಿ ಅಕ್ಷರಶಃ ಒಂದೇ ರೀತಿ ಇದ್ದರೆ ಅದು ಸಾಲ ಕೊಟ್ಟವರ ಪುಸ್ತಕದಲ್ಲಿ ಹುಟ್ಟಿದ್ದು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ ಒಂದು ಕಂಪನಿಯ ಹೊಂದಿಸುವಿಕೆಯಲ್ಲಿ ಎಡವಟ್ಟಾಗಿರಬೇಕು, ಇಲ್ಲವೇ ಕಳಿಸಿದ ತಿದ್ದುಪಡಿ ಒಬ್ಬರಿಗೆ ತಲುಪಿ ಇನ್ನೊಬ್ಬರಿಗೆ ತಲುಪದೆ ಹೋಗಿರಬೇಕು. ಮುಂದಿನ ಓಡಾಟವೆಲ್ಲ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ಪರೀಕ್ಷೆ ಇನ್ನೊಂದಿದೆ. ಪ್ರತಿ ಖಾತೆಯ ಕೆಳಗೆ ‘ಡೇಟ್ ರಿಪೋರ್ಟೆಡ್’ ಎಂಬ ದಿನಾಂಕ ಇರುತ್ತದೆ. ಸಾಲ ಕೊಟ್ಟವರು ಯಾವ ದಿನದ ಸ್ಥಿತಿಯನ್ನು ತಿಳಿಸಿದ್ದಾರೆ ಎಂಬುದು ಅದು. ನೀವು ಸಾಲ ತೀರಿಸಿದ್ದು ಅದಕ್ಕಿಂತ ಈಚೆಗಾದರೆ ವರದಿಯಲ್ಲಿ ತಪ್ಪಿಲ್ಲ, ಸುದ್ದಿ ಹಳೆಯದು ಅಷ್ಟೇ. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆಯಾದರೂ, ಅಂದರೆ 15ನೇ ತಾರೀಕಿನ ಮತ್ತು ತಿಂಗಳ ಕೊನೆಯ ದಿನದ ಸ್ಥಿತಿಯನ್ನು ಕಳಿಸಬೇಕೆಂಬ ನಿಯಮ ಬಂತು. ಪಟ್ಟಿ ಕಳಿಸಲು ಏಳು ದಿನ, ಕಂಪನಿ ಅದನ್ನು ಒಳಗೆ ಹಾಕಿಕೊಳ್ಳಲು ಐದು ದಿನ. ಆ ನಿಯಮದ ಲೆಕ್ಕದಲ್ಲಿ 3ನೇ ತಾರೀಕು ತೀರಿಸಿದ ಸಾಲ 15ರ ಪಟ್ಟಿಗೆ ಸೇರಿ 27ರ ಹೊತ್ತಿಗೆ ಕಾಣಬೇಕು. ತಿಂಗಳು ಕಳೆಯುವ ಮೊದಲೇ ದೂರು ಹಾಕಿದವರಿಗೆ ‘ಈಗಾಗಲೇ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ, ನಡುವೆ ಕೆಲವು ದಿನದ ನಿದ್ದೆ ವ್ಯರ್ಥ. ಆದರೆ ಆ ದಿನಾಂಕ ಎರಡು ವರ್ಷದ ಹಿಂದಿನದಾಗಿ ಅಲ್ಲೇ ನಿಂತಿದ್ದರೆ ಆ ಖಾತೆಯ ಸುದ್ದಿ ಕಳಿಸುವುದನ್ನೇ ನಿಲ್ಲಿಸಿದ್ದಾರೆ ಎಂದರ್ಥ. ಮುಳುಗಿದ ಅಥವಾ ಮಾರಾಟವಾದ ಸಣ್ಣ ಫೈನಾನ್ಸ್ ಕಂಪನಿಗಳ ಸಾಲದಲ್ಲಿ ಹೀಗಾಗುವುದುಂಟು.

ತೀರಿಸಿದ ಸಾಲಕ್ಕೆ ಚಿಲ್ಲರೆ ಬಾಕಿ

ಎಲ್ಲಕ್ಕಿಂತ ಹೆಚ್ಚು ಕಾಣುವ ಲಕ್ಷಣ ಇದು. ಬೈಕಿನ ಸಾಲವನ್ನು ಅವಧಿಗೆ ಮೊದಲೇ ಪೂರ್ತಿ ಕಟ್ಟಿದ್ದೀರಿ. ವರದಿಯಲ್ಲಿ ‘ಕರೆಂಟ್ ಬ್ಯಾಲೆನ್ಸ್’ ಎದುರು 1,146 ರೂಪಾಯಿ ಕೂತಿದೆ, ‘ಡೇಟ್ ಕ್ಲೋಸ್ಡ್’ ಖಾಲಿಯಿದೆ.

ಕಾರಣ ಸಾಮಾನ್ಯವಾಗಿ ಹೀಗಿರುತ್ತದೆ. ನೀವು 10ನೇ ತಾರೀಕು ಹೋಗಿ ಮುಕ್ತಾಯದ ಮೊತ್ತ ಕೇಳಿರುತ್ತೀರಿ, ಗುಮಾಸ್ತ ಆ ದಿನದವರೆಗೆ ಬಡ್ಡಿ ಹಾಕಿ ಬರೆದುಕೊಟ್ಟಿರುತ್ತಾನೆ, ನೀವು 13ಕ್ಕೆ ಕಟ್ಟಿರುತ್ತೀರಿ. ಮೂರು ದಿನದ ಬಡ್ಡಿ ಉಳಿಯುತ್ತದೆ. ಅಥವಾ ಹಿಂದೆಂದೋ ಕಂತು ಮರಳಿದ್ದಕ್ಕೆ ಹಾಕಿದ ದಂಡ ಬೇರೆ ಪುಟದಲ್ಲಿದ್ದು ಲೆಕ್ಕಕ್ಕೆ ಬಂದಿರುವುದಿಲ್ಲ. ಮನುಷ್ಯರಿಗೆ ಇದು ಚಿಲ್ಲರೆ, ಯಂತ್ರಕ್ಕೆ ಬಾಕಿ. ಖಾತೆ ಮುಚ್ಚಿಕೊಳ್ಳುವುದಿಲ್ಲ, ಮುಂದಿನ ತಿಂಗಳಿಂದ ಸುಸ್ತಿ ಎಣಿಸಲು ತೊಡಗುತ್ತದೆ. ಆದ್ದರಿಂದ ವರದಿಯ ದೂರು ಹಾಕುವುದಕ್ಕಿಂತ ಮೊದಲು ಸಾಲ ಕೊಟ್ಟವರಿಂದ ಆ ಖಾತೆಯ ಪೂರ್ತಿ ಲೆಕ್ಕದ ಪ್ರತಿ ಕೇಳಿ ಪಡೆಯಿರಿ. ಬಾಕಿ ಏನೂ ಇಲ್ಲ ಎಂದು ಅವರೇ ಬರೆದುಕೊಟ್ಟ ಬೇಬಾಕಿ ಪತ್ರ ನಿಮ್ಮ ಕೈಯಲ್ಲಿದ್ದರೆ ವಾದ ಮುಗಿಯಿತು, ತಪ್ಪು ಅವರದು. ಪತ್ರ ತೆಗೆದುಕೊಂಡೇ ಇಲ್ಲವೆಂದರೆ ಮೊದಲು ಅದನ್ನು ಸಂಪಾದಿಸಿ. ಬೇಬಾಕಿ ಪತ್ರವಿಲ್ಲದೆ ಹಾಕಿದ ದೂರಿಗೆ, ‘ಸಾಲದಾತರು ಖಚಿತಪಡಿಸಿದ್ದಾರೆ, ಬದಲಾವಣೆ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಕಟ್ಟಿಟ್ಟ ಬುತ್ತಿ.

ಒಡವೆ ಸಾಲದಲ್ಲಿ ಇದರ ಇನ್ನೊಂದು ರೂಪವಿದೆ. ವರ್ಷ ವರ್ಷ ಬಡ್ಡಿ ಕಟ್ಟಿ ನವೀಕರಿಸಿದಾಗ ಪ್ರತಿ ಬಾರಿಯೂ ಹೊಸ ಖಾತೆ ಸಂಖ್ಯೆ ಹುಟ್ಟುತ್ತದೆ. ಒಂದೇ ಸರಕ್ಕೆ ವರದಿಯಲ್ಲಿ ನಾಲ್ಕು ಸಾಲ ಕಂಡು ಗಾಬರಿಯಾಗಬೇಡಿ. ಹಳೆಯ ಮೂರಕ್ಕೆ ಮುಕ್ತಾಯದ ದಿನಾಂಕ ಬಿದ್ದಿದೆಯೇ ಎಂಬುದಷ್ಟೇ ಮುಖ್ಯ.

ತಂಗಿಯ ಗಂಡನ 590 ಕೂಡ ಇದೇ ಜಾತಿಯದು. ಸಂಖ್ಯೆ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಐನೂರು ವಾರ್ಷಿಕ ಶುಲ್ಕ, ಅದರ ಮೇಲೆ ಶೇಕಡ 18 ಜಿಎಸ್‌ಟಿ ತೊಂಬತ್ತು. ಅದು ಕ್ರೆಡಿಟ್ ಕಾರ್ಡ್. ಇವನೋ ಕಾರ್ಡೇ ಇಲ್ಲ ಎನ್ನುತ್ತಾನೆ. ಕೆದಕಿದಾಗ ನೆನಪಾಯಿತು: 2023ರಲ್ಲಿ ಪೆಟ್ರೋಲ್ ಬಂಕಿನ ಬಳಿ ಮೇಜು ಹಾಕಿಕೊಂಡಿದ್ದ ಹುಡುಗರು ಅರ್ಜಿ ತುಂಬಿಸಿಕೊಂಡಿದ್ದರು, ಕಾರ್ಡು ಅಂಚೆಯಲ್ಲಿ ಬಂದಿತ್ತು, ಇವನು ಅದನ್ನು ಚಾಲೂ ಮಾಡದೆ ಕತ್ತರಿಯಿಂದ ಎರಡು ತುಂಡು ಮಾಡಿ ಎಸೆದಿದ್ದ. ಎಸೆದರೆ ಖಾತೆ ಮುಚ್ಚುವುದಿಲ್ಲ, ನಿಜ. ಆದರೆ ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿಯಮದಂತೆ ಚಾಲೂ ಆಗದ ಹೊಸ ಕಾರ್ಡಿನ ವಿವರವನ್ನು ಈ ಕಂಪನಿಗಳಿಗೆ ಕಳಿಸುವಂತೆಯೇ ಇಲ್ಲ. ಕಳಿಸಿದ್ದರು. ಅಷ್ಟೇ ಅಲ್ಲ, ಕೊನೆಗೆ ‘ರೈಟನ್ ಆಫ್’ ಎಂದೂ ಹಾಕಿದ್ದರು. ವಸೂಲಾಗದೆಂದು ಕೈಬಿಟ್ಟ ಸಾಲ ಎಂದರ್ಥ. ಗೃಹಸಾಲ ಕೊಡುವವರ ಕಣ್ಣಿಗೆ ಆ ಎರಡು ಪದ ಬಿದ್ದರೆ ಮೊತ್ತ ಎಷ್ಟೆಂದು ನೋಡುವ ಗೋಜಿಗೇ ಹೋಗುವುದಿಲ್ಲ.

ಗೊತ್ತಿಲ್ಲದ ಹೆಸರಿನ ಸಾಲ

ಹೆದರುವ ಮೊದಲು ಕೆಲವು ಸರಳ ಕಾರಣಗಳನ್ನು ಪರೀಕ್ಷಿಸಿ. ಅಂಗಡಿಯಲ್ಲಿ ಕಂತಿನ ಮೇಲೆ ಫೋನು ಅಥವಾ ಫ್ರಿಜ್ ತಂದಿದ್ದೀರಾ? ಆ್ಯಪ್‌ನಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬುದನ್ನು ಒತ್ತಿದ್ದೀರಾ? ಆ್ಯಪ್‌ನ ಹೆಸರು ಒಂದು, ಹಿಂದೆ ನಿಂತು ಸಾಲ ಕೊಟ್ಟ ಹಣಕಾಸು ಕಂಪನಿಯ ಹೆಸರು ಇನ್ನೊಂದು. ವರದಿಯಲ್ಲಿ ಬರುವುದು ಎರಡನೆಯದು. ತಾರೀಕು ಮತ್ತು ಮೊತ್ತ ಹೊಂದಿಸಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಮುಂದಿನದು ‘ಓನರ್‌ಶಿಪ್’ ಎಂಬ ಸಾಲು. ಅಲ್ಲಿ ‘ಗ್ಯಾರಂಟರ್’ ಎಂದಿದ್ದರೆ ಎಂದೋ ಸ್ನೇಹಿತನಿಗೆ ಹಾಕಿದ ಜಾಮೀನು ನೆನಪಿಸಿಕೊಳ್ಳಿ. ಅವನು ಸುಸ್ತಿಯಾದರೆ ನಿಮ್ಮ ವರದಿಯಲ್ಲೂ ಸುಸ್ತಿ. ಇದು ದೋಷವಲ್ಲ, ಋಣ. ಮಗಳ ಶಿಕ್ಷಣ ಸಾಲಕ್ಕೆ ಸಹಿ ಹಾಕಿದ ಅಪ್ಪಂದಿರಿಗೂ ಇದೇ ಮಾತು.

ಬ್ಯಾಂಕುಗಳ ವಿಲೀನ ಕರ್ನಾಟಕದವರಿಗೆ ತೀರಾ ಹತ್ತಿರದ ವಿಷಯ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಗ್ರಾಮೀಣ ಬ್ಯಾಂಕುಗಳೆರಡು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂದು ಒಂದಾದವು. ಹೀಗಾಗಿ ಪರಿಚಯವಿಲ್ಲದ ಹೆಸರಿನಲ್ಲಿ ಪರಿಚಯದ ಸಾಲವೇ ಕೂತಿರಬಹುದು. ದೋಷವೆನ್ನಬೇಕಾದದ್ದು ಒಂದೇ ಸಾಲ ಹಳೆಯ ಹೆಸರಲ್ಲೊಮ್ಮೆ, ಹೊಸ ಹೆಸರಲ್ಲೊಮ್ಮೆ ಇದ್ದು ಎರಡರ ಮುಂದೆಯೂ ಬಾಕಿ ತೋರಿಸುತ್ತಿದ್ದರೆ. ಸಾಲ ತೆರೆದ ದಿನಾಂಕ ಮತ್ತು ಮಂಜೂರಾದ ಮೊತ್ತ ಎರಡೂ ಕಡೆ ಒಂದೇ ಇದೆಯೇ ನೋಡಿ. ಇದ್ದರೆ ಜೋಡಿ ನಮೂದು. ಬ್ಯಾಂಕುಗಳ ವಸೂಲಾಗದ ಸಾಲ ಕೊಳ್ಳುವ ಆಸ್ತಿ ಪುನರ್ರಚನಾ ಕಂಪನಿಗೆ ಮಾರಿದ ಸಾಲಕ್ಕೂ ಇದೇ ಪರೀಕ್ಷೆ: ಬಾಕಿ ಒಂದು ಕಡೆ ಮಾತ್ರ ಇರಬೇಕು.

ಇವೆಲ್ಲ ದಾಟಿಯೂ ಸಾಲ ನಿಮ್ಮದಲ್ಲ ಎಂದರೆ, ಬೇರೊಬ್ಬರ ಖಾತೆ ನಿಮ್ಮ ವರದಿಗೆ ಬಂದು ಬಿದ್ದಿದೆ. ನಮ್ಮ ಹೆಸರುಗಳಿಗೆ ಇದರಲ್ಲಿ ವಿಶೇಷ ಪೇಚಾಟ. ಮಂಜುನಾಥ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಎ’ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಬ್ಯಾಂಕಿನಲ್ಲಿ ಮುಂದೆ ಎರಡು ಇನಿಷಿಯಲ್ಲು, ಪ್ಯಾನ್ ಕಾರ್ಡಿನಲ್ಲಿ ಅವನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಜನ್ಮದಿನಾಂಕದ ಕಥೆ ಇನ್ನೂ ಚೆಂದ. ಶಾಲೆಗೆ ಸೇರಿಸುವಾಗ ಮೇಷ್ಟರು ತಾವೇ ಒಂದು ತಾರೀಕು ಹಾಕಿಕೊಂಡ ಕಾಲದವರು ನಾವು. ಹಳ್ಳಿಗಳಲ್ಲಿ ನನ್ನ ಓರಗೆಯ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು! ಒಂದೇ ಹೆಸರು, ಒಂದೇ ಜನ್ಮದಿನ, ಒಂದೇ ತಾಲ್ಲೂಕು. ಯಂತ್ರಕ್ಕೆ ಇಬ್ಬರೂ ಒಬ್ಬನೇ.

ತಪ್ಪೊಪ್ಪಿಕೊಳ್ಳುವುದಾದರೆ, ಇಂಥದ್ದನ್ನು ನಾನೇ ಒಮ್ಮೆ ಮಾಡಿದ್ದೇನೆ. ಒಂದೇ ಬೀದಿಯ ಇಬ್ಬರು ಮಂಜುನಾಥರ ಅರ್ಜಿಗಳು ಒಂದೇ ದಿನ ಮೇಜಿಗೆ ಬಂದಿದ್ದವು. ಹೈನು ಸಾಲ ಪಡೆದವನ ಖಾತೆಗೆ ಶಾಲಾ ಶಿಕ್ಷಕರೊಬ್ಬರ ಪ್ಯಾನ್ ಸಂಖ್ಯೆ ಒತ್ತಿಬಿಟ್ಟಿದ್ದೆ. ಎಂಟು ತಿಂಗಳ ಮೇಲೆ ಮೇಷ್ಟರು ವರದಿ ಹಿಡಿದುಕೊಂಡು ಬಂದು, “ನಮ್ಮ ಮನೆಯಲ್ಲಿ ಹಸು ಎಲ್ಲಿದೆ ತೋರಿಸಿ ಸ್ವಾಮಿ” ಎಂದು ಕೌಂಟರಿನ ಮುಂದೆ ನಿಂತರು. ಆ ತಪ್ಪು ನಾಲ್ಕೂ ವರದಿಗೆ ಹೋಗಿತ್ತು, ಏಕೆಂದರೆ ಹುಟ್ಟಿದ್ದು ನನ್ನ ಬೆರಳಲ್ಲಿ.

ಪತ್ತೆ ಮಾಡಲು ವೈಯಕ್ತಿಕ ಮಾಹಿತಿಯ ಪುಟ ನೋಡಿ. ಎಲ್ಲರೂ ಹಾರಿಸಿಬಿಡುವ ಪುಟ ಅದು. ನಿಮ್ಮದಲ್ಲದ ಎರಡನೆಯ ಪ್ಯಾನ್, ನೀವು ಕಾಲಿಟ್ಟೇ ಇರದ ಊರಿನ ವಿಳಾಸ, ಪರಿಚಯವಿಲ್ಲದ ಫೋನ್ ಸಂಖ್ಯೆ ಅಲ್ಲಿದ್ದರೆ ಇಬ್ಬರ ದಾಖಲೆ ಬೆರೆತಿದೆ ಎಂದು ತಿಳಿಯಿರಿ. ಆಗ ಆ ಸಾಲವೊಂದರ ಮೇಲೆ ದೂರು ಹಾಕಿದರೆ ಸಾಲದು. ಬೆರೆತ ಪ್ಯಾನ್, ವಿಳಾಸಗಳನ್ನೂ ಕಿತ್ತುಹಾಕಿಸಿ. ಬೇರು ಉಳಿದರೆ ಅದೇ ದಾರಿಯಲ್ಲಿ ಮುಂದಿನ ಸಾಲವೂ ಬರುತ್ತದೆ.

ಪ್ಯಾನ್ ನಿಮ್ಮದೇ, ಫೋಟೋ ನಿಮ್ಮದೇ, ಸಾಲ ಮಾತ್ರ ನಿಮ್ಮದಲ್ಲ ಎಂದರೆ ಅದು ವಂಚನೆ. 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧದ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಸಾಲ ಕೊಟ್ಟವರಿಗೆ ಬರೆಯಿರಿ. ಅರ್ಜಿಯ ಜೊತೆ ಕೊಟ್ಟ ಗುರುತಿನ ದಾಖಲೆಗಳ ಪ್ರತಿಯನ್ನು, ಸಾಲದ ಹಣ ಯಾವ ಖಾತೆಗೆ ಜಮೆಯಾಯಿತು ಎಂಬ ವಿವರವನ್ನು ಕೇಳಿ. ಹಣ ನಿಮ್ಮ ಖಾತೆಗೆ ಬಂದಿಲ್ಲ ಎಂಬುದೇ ನಿಮ್ಮ ಗಟ್ಟಿ ಸಾಕ್ಷಿ. ಪೀಡೆ ಕಳೆದರೆ ಸಾಕೆಂದು ಒಂದು ಕಂತು ಕಟ್ಟಬೇಡಿ, ನಾಳೆ ಅದನ್ನೇ ನೀವು ಒಪ್ಪಿಕೊಂಡದ್ದಕ್ಕೆ ಗುರುತಾಗಿ ತೋರಿಸುತ್ತಾರೆ.

ದೋಷದಂತೆ ಕಾಣುವ ಸತ್ಯಗಳು

‘ಸೆಟಲ್ಡ್’ ಎಂಬ ಪದದ ಬಗ್ಗೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ತಪ್ಪು ತಿಳಿದಿರುತ್ತಾರೆ. ಎಂಬತ್ತು ಸಾವಿರದ ಬಾಕಿಗೆ ಐವತ್ತು ಸಾವಿರ ಕಟ್ಟಿ ರಾಜಿ ಮಾಡಿಕೊಂಡರೆ ವರದಿಯಲ್ಲಿ ಆ ಪದ ಬೀಳುತ್ತದೆ. ಅದು ‘ಕ್ಲೋಸ್ಡ್’ಗೆ ಸಮವಲ್ಲ. ವಸೂಲಿಗೆ ಬಂದವನು ‘ಸೆಟಲ್ ಮಾಡಿಬಿಡಿ ಸಾರ್, ಕ್ಲೀನ್ ಆಗುತ್ತದೆ’ ಎಂದಿರುತ್ತಾನೆ. ಆಗುವುದಿಲ್ಲ. ಉಳಿದ ಮೂವತ್ತು ಸಾವಿರ ಕಟ್ಟಿ, ಬೇಬಾಕಿ ಪತ್ರ ಪಡೆದು, ಸ್ಥಿತಿ ಬದಲಿಸಲು ಬರೆದುಕೊಡುವುದೊಂದೇ ದಾರಿ. 2018ರಲ್ಲಿ ಘೋಷಣೆಯಾದ ಬೆಳೆಸಾಲ ಮನ್ನಾದ ಫಲಾನುಭವಿಗಳು ಮಾತ್ರ ಬೇರೆ ಪ್ರಶ್ನೆ ಕೇಳಬಹುದು: ಸರ್ಕಾರದಿಂದ ಪೂರ್ತಿ ಮೊತ್ತ ಜಮೆಯಾಗಿದ್ದರೆ ನನ್ನ ಖಾತೆಗೆ ಈ ಪದವನ್ನು ಏಕೆ ಹಾಕಿದಿರಿ, ಬರಹದಲ್ಲಿ ತಿಳಿಸಿ.

ತಿಂಗಳುಗಳ ಚೌಕಗಳಲ್ಲಿ ಕಾಣುವ ಅಂಕಿಗಳು ಕಂತು ತಡವಾದ ದಿನಗಳ ಲೆಕ್ಕ. ‘000’ ಇದ್ದರೆ ತಡವಿಲ್ಲ. ಮೂರು ‘ಎಕ್ಸ್’ ಇದ್ದರೆ ಆ ತಿಂಗಳ ಸುದ್ದಿ ಬಂದಿಲ್ಲ ಎಂದಷ್ಟೇ, ಅದಕ್ಕಾಗಿ ಜಗಳವಾಡಬೇಡಿ. 5ನೇ ತಾರೀಕಿನ ಕಂತನ್ನು 17ಕ್ಕೆ ಕಟ್ಟುವ ಅಭ್ಯಾಸವಿದ್ದವರಿಗೆ 15ರ ಪಟ್ಟಿಯಲ್ಲಿ ಹತ್ತು ದಿನದ ಸುಸ್ತಿ ಕಾಣಬಹುದು. ಹಿಂದೆ ತಿಂಗಳಿಗೊಮ್ಮೆ ಪಟ್ಟಿ ಹೋಗುತ್ತಿದ್ದಾಗ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಬೆಳೆಸಾಲಕ್ಕೆ ಲೆಕ್ಕವೇ ಬೇರೆ. ಉಳಿದ ಸಾಲ ತೊಂಬತ್ತು ದಿನ ದಾಟಿದರೆ ಅನುತ್ಪಾದಕ, ಅಂದರೆ ಕೆಟ್ಟ ಸಾಲ, ಎನಿಸಿಕೊಳ್ಳುತ್ತದೆ, ಬೆಳೆಸಾಲಕ್ಕೆ ಹಂಗಾಮಿನ ಅಳತೆ.

ದೂರು ಬರೆಯುವ ಕ್ರಮ

ಕಂಪನಿಯ ಜಾಲತಾಣದಲ್ಲಿ ದೂರು ಹಾಕುವುದು ಉಚಿತ. ವರದಿಯ ಮೇಲ್ಭಾಗದಲ್ಲಿರುವ ನಿಯಂತ್ರಣ ಸಂಖ್ಯೆ (ಕಂಟ್ರೋಲ್ ನಂಬರ್) ಬೇಕಾಗುತ್ತದೆ. ಆದರೆ 2005ರ ಕಾಯ್ದೆಯಂತೆ, ಸಾಲ ಕೊಟ್ಟವರು ಹೌದೆಂದು ದೃಢೀಕರಿಸದೆ ಕಂಪನಿ ಖಾತೆಯ ಒಂದು ಅಂಕಿಯನ್ನೂ ಮುಟ್ಟುವಂತಿಲ್ಲ. ಆದ್ದರಿಂದ ತಪ್ಪು ಟ್ಯಾಂಕಿನದು, ಅಂದರೆ ಸಾಲ ಕೊಟ್ಟವರದು, ಎಂದು ಖಚಿತವಾಗಿದ್ದರೆ ಅದೇ ದಿನ ಅವರಿಗೂ ಬರೆಯಿರಿ. ಶಾಖೆಯಲ್ಲಿ ಬಾಯಿಮಾತಿಗೆ ‘ನೋಡೋಣ, ಮೇಲಿನವರಿಗೆ ಕಳಿಸುತ್ತೇವೆ’ ಎನ್ನುತ್ತಾರೆ. ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪತ್ರ ಇಷ್ಟಿದ್ದರೆ ಸಾಕು:

“ನನ್ನ ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ 4471. ದಿನಾಂಕ 13-08-2024ರಂದು ಪೂರ್ತಿ ಬಾಕಿ ಕಟ್ಟಿದ್ದೇನೆ, ನಿಮ್ಮ ಬೇಬಾಕಿ ಪತ್ರ ಲಗತ್ತಿಸಿದೆ. ದಿನಾಂಕ 03-11-2025ರಂದು ತೆಗೆದ ವರದಿಯಲ್ಲಿ ಇದೇ ಖಾತೆಗೆ 1,146 ರೂಪಾಯಿ ಬಾಕಿ ತೋರಿಸುತ್ತಿದೆ, ಮುಕ್ತಾಯದ ದಿನಾಂಕ ಖಾಲಿಯಿದೆ. ಬಾಕಿಯನ್ನು ಸೊನ್ನೆಗೂ, ಮುಕ್ತಾಯದ ದಿನಾಂಕವನ್ನು 13-08-2024ಕ್ಕೂ ತಿದ್ದಿ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಿ, ಕಳಿಸಿದ ದಿನಾಂಕವನ್ನು ತಿಳಿಸಿ. ತಿದ್ದಲು ಬಾರದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ.”

ಅಂಕ ಇಳಿದದ್ದು, ಮಗಳ ಮದುವೆ ಹತ್ತಿರ ಬಂದದ್ದು, ಮೂವತ್ತು ವರ್ಷದ ಗ್ರಾಹಕನಾಗಿದ್ದದ್ದು, ಇವು ಯಾವುವೂ ಪತ್ರದಲ್ಲಿ ಬೇಡ. ಓದುವವನಿಗೆ ಯಾವ ಕಾಲಂನಲ್ಲಿ ಏನು ಬದಲಿಸಬೇಕು ಎಂಬುದು ಎರಡು ನಿಮಿಷದಲ್ಲಿ ಸಿಗಬೇಕು. ಆ ಕುರ್ಚಿಯಲ್ಲಿ ಕೂತವನ ಮಾತಿದು: ನಾಲ್ಕು ಪುಟದ ಅಳಲು ಕೆಳಗಿನ ಡ್ರಾಯರಿಗೆ ಹೋಗುತ್ತಿತ್ತು, ಐದು ಸಾಲಿನ ಪತ್ರ ಅವತ್ತೇ ವಿಲೇವಾರಿಯಾಗುತ್ತಿತ್ತು. ಕಾರಣ ಕೇಳುವ ಕೊನೆಯ ವಾಕ್ಯವನ್ನು ಬಿಡಬೇಡಿ. ತಿದ್ದುಪಡಿ ನಿರಾಕರಿಸಿದರೆ ಕಾರಣ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ.

ಮೂವತ್ತು ದಿನದ ಗಡುವು ದೂರು ಕೊಟ್ಟ ದಿನದಿಂದ ಓಡುತ್ತದೆ. ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ. 2024ರ ಏಪ್ರಿಲ್ 26ರಿಂದ ಬಂದ ವ್ಯವಸ್ಥೆಯಂತೆ ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇಪ್ಪತ್ತೊಂದು ದಿನದೊಳಗೆ ಸರಿಯಾದ ವಿವರ ಕಳಿಸದೆ ತಡಮಾಡಿದ್ದು ಸಾಲದಾತರಾದರೆ ಅವರು ಕೊಡಬೇಕು, ಅವರು ಸಮಯಕ್ಕೆ ಕಳಿಸಿಯೂ ತಡವಾಗಿದ್ದರೆ ಕಂಪನಿ ಕೊಡಬೇಕು. ದೂರಿನಲ್ಲೇ ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ಬರೆಯಿರಿ. ಅಂಕವನ್ನು ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಎಂಬ ತಕರಾರಿಗೆ ಮಾತ್ರ ಈ ಪರಿಹಾರ ಅನ್ವಯಿಸುವುದಿಲ್ಲ.

ತಿದ್ದಿದ್ದೇವೆ ಎನ್ನುತ್ತಾರೆ, ತಿದ್ದಿರುವುದಿಲ್ಲ

ಬ್ಯಾಂಕಿನವರು ಸುಳ್ಳು ಹೇಳುತ್ತಿದ್ದಾರೆ ಎಂದು ತಕ್ಷಣ ತೀರ್ಮಾನಿಸಬೇಡಿ. ಅವರು ತಿದ್ದಿ ಕಳಿಸಿದ ಪಟ್ಟಿಯಲ್ಲಿ ಬೇರಾವುದೋ ಕಾಲಂ ತಪ್ಪಿದ್ದರೆ, ಉದಾಹರಣೆಗೆ ಪಿನ್‌ಕೋಡ್ ಊರಿಗೆ ಹೊಂದದಿದ್ದರೆ, ಕಂಪನಿಯ ಯಂತ್ರ ಆ ಖಾತೆಯನ್ನು ಸ್ವೀಕರಿಸದೆ ಹಿಂದಕ್ಕೆ ಕಳಿಸುತ್ತದೆ. ಹಿಂದಿರುಗಿದ ಪಟ್ಟಿಯನ್ನು ಯಾರೂ ತೆರೆದಿರುವುದಿಲ್ಲ. ‘ಕಳಿಸಿದ್ದೀರಿ, ಸರಿ. ಸ್ವೀಕಾರವಾಯಿತೋ, ತಿರಸ್ಕಾರವಾಯಿತೋ?’ ಎಂದು ಕೇಳಿ. ಈ ಪ್ರಶ್ನೆ ಕೇಳಿದ ಗ್ರಾಹಕನನ್ನು ಯಾವ ಗುಮಾಸ್ತನೂ ಮತ್ತೆ ‘ನಾಳೆ ಬನ್ನಿ’ ಎಂದು ಕಳಿಸುವುದಿಲ್ಲ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಹಿಂಬರಹ ಒಪ್ಪುವಂಥದ್ದಲ್ಲ ಎಂದರೆ ಮುಂದಿನ ಬಾಗಿಲು ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಈ ನಾಲ್ಕು ಕಂಪನಿಗಳನ್ನೂ 2022ರ ಸೆಪ್ಟೆಂಬರ್ 1ರಿಂದ ಅದರ ವ್ಯಾಪ್ತಿಗೆ ತಂದಿದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ವಿಚಾರಿಸಬಹುದು. ಮೊದಲು ಸಂಬಂಧಪಟ್ಟವರಿಗೆ ದೂರು ಕೊಟ್ಟ ಸಾಕ್ಷಿ ಬೇಕೇ ಬೇಕು, ಆ ಮೊಹರಿನ ಪ್ರತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಮ್ಮ 590ರ ಪ್ರಕರಣ ಅಲ್ಲಿಯವರೆಗೆ ಹೋಗಲಿಲ್ಲ. ಕಾರ್ಡು ಕೊಟ್ಟವರು ಮೂರು ವಾರ ಮೌನವಾಗಿದ್ದರು. ಒಮ್ಮೆ ಫೋನು ಮಾಡಿ, “590 ಕಟ್ಟಿಬಿಡಿ, ಮುಗಿಸೋಣ” ಎಂದರು. ಕಟ್ಟಲಿಲ್ಲ. ಕಟ್ಟಿದ್ದರೆ ಬಾಕಿ ಸೊನ್ನೆಯಾಗುತ್ತಿತ್ತೇ ಹೊರತು ನಮೂದು ಅಳಿಯುತ್ತಿರಲಿಲ್ಲ. ಕಾರ್ಡು ಚಾಲೂ ಆದ ದಿನಾಂಕವನ್ನು ತೋರಿಸಿ ಎಂದು ಮತ್ತೊಂದು ಪತ್ರ ಬರೆದೆವು. ನಲವತ್ತೊಂದನೆಯ ದಿನ ಖಾತೆಯೇ ವರದಿಯಿಂದ ಮಾಯವಾಯಿತು. ಹನ್ನೊಂದು ದಿನದ ವಿಳಂಬಕ್ಕೆ 1,100 ರೂಪಾಯಿ ಅವನ ಖಾತೆಗೆ ಬಂತು.

ಬ್ಯಾಂಕಿಗೆ ಹೋದರೆ ವ್ಯವಸ್ಥಾಪಕರು ಮತ್ತೆ ತಲೆಯಾಡಿಸಿದರು. ಅವರ ಕಡತದಲ್ಲಿ ಇದ್ದದ್ದು ಎರಡು ತಿಂಗಳ ಹಿಂದೆ ತೆಗೆದ ವರದಿ. ಹೊಸದಾಗಿ ತೆಗೆಯಿರಿ ಎಂದೆ. ಯಾವ ಕಂಪನಿಯದು ತೆಗೆಯುತ್ತೀರಿ ಎಂದೂ ಕೇಳಿದೆ. ನಾವು ಸರಿಯಾದದ್ದನ್ನು ಕಣ್ಣಾರೆ ನೋಡಿದ್ದು ಎರಡರಲ್ಲಿ ಮಾತ್ರ, ಅವರು ತೆಗೆಯುತ್ತಿದ್ದುದು ಮೂರನೆಯದನ್ನು. ಮುದ್ರಣಯಂತ್ರದಿಂದ ಏಳು ಪುಟ ಹೊರಬಂದವು. ವ್ಯವಸ್ಥಾಪಕರು ಬೆರಳಿಟ್ಟುಕೊಂಡು ಒಂದೊಂದೇ ಖಾತೆ ಓದುತ್ತ ಹೋದರು. ತಂಗಿಯ ಗಂಡ ಮೇಜಿನ ಈಚೆಯಿಂದ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನೇ ನೋಡುತ್ತಿದ್ದ. ಕೊನೆಯ ಪುಟ ಮಗುಚಿಟ್ಟು ಅವರು, “ನಿವೇಶನದ ಕ್ರಯಪತ್ರದ ಮೂಲಪ್ರತಿ ತಂದಿದ್ದೀರಾ ಸಾರ್?” ಎಂದರು.